ಒರೆಗಲ್ಲಿಗೆ ಸವೆದ ಮುಖ

ಎಲೆಯಡಿಕೆಯ ರಸ ನಮ್ಮ ದೊಡ್ಡಪ್ಪನ ಕೆಳತುಟಿಯಿಂದ ಗದ್ದಕ್ಕೆ ಇಳಿಯುತ್ತಲೇ ಇರುತ್ತಿತ್ತು. ಅದನ್ನು ಅಂಗೈಯಲ್ಲಿ ಒರೆಸಿಕೊಂಡು, ಅದೇ ಕೈಯಿಂದ ಸೊಂಟದ ಚೀಲದಲ್ಲಿದ್ದ ಅಮೆರಿಕದ ಚಿನ್ನದ ನಾಣ್ಯವನ್ನು ತೆಗೆಯುತ್ತಿದ್ದ. ಹುಣಸೂರಿನಲ್ಲಿ ಮನೆಗೆ ಅಂಟಿಕೊಂಡೇ ಇದ್ದ ಅವನ ಮರದ ಡಿಪೋಗೆ ಬಂದವರಾರೂ ಅದನ್ನು ನೋಡದೆ ಹೋಗುವ ಹಾಗಿರಲಿಲ್ಲ. ಅಲ್ಲೇ ಕೆಲಸಕ್ಕಿದ್ದ ನಾನು ಆ ಪ್ರದರ್ಶನವನ್ನು ದಿನವೂ ಅನುಭವಿಸಬೇಕಿತ್ತು.

ನಾಣ್ಯ ಅವನದಲ್ಲ, ದೊಡ್ಡಮ್ಮನದು. ಕೊಡಗಿನ ತೋಟದಿಂದ ಮೈಸೂರಿಗೆ ಹೊರಟಿದ್ದ ಅಮೆರಿಕದ ದೊರೆಸಾನಿಯೊಬ್ಬಳಿಗೆ ಬಿಳಿಕೆರೆಯ ಹತ್ತಿರ ಕಾರಿನಲ್ಲೇ ನೋವು ಕಾಣಿಸಿಕೊಂಡಾಗ, ತವರಿಗೆ ಹೋಗಿದ್ದ ದೊಡ್ಡಮ್ಮ ಓಡಿಹೋಗಿ ಹೆರಿಗೆ ಮಾಡಿಸಿದ್ದಳು. ದೇಶ ಬಿಟ್ಟು ಹೊರಡುವ ಮುಂಚೆ ಆ ದೊರೆಸಾನಿ ಹುಡುಕಿಕೊಂಡು ಬಂದು ಇದನ್ನು ಕೈಗಿಟ್ಟಳಂತೆ. ಒಂದು ಕಡೆ ಕಿರೀಟವಿಟ್ಟ ಹೆಣ್ಣಿನ ಮುಖ, ಹಿಂದಕ್ಕೆ ಕಟ್ಟಿದ ಗುಂಗುರು ಕೂದಲು, ಸುತ್ತ ನಕ್ಷತ್ರಗಳು, ಕೊರಳ ಕೆಳಗೆ ಇಸವಿ. ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಹದ್ದು.

“ಆ ಕೂಸು ದೊಡ್ಡದಾಗಿ ಯಾವತ್ತಾರ ಬಂದ್ರೆ, ನಿಮ್ಮವ್ವ ಕೊಟ್ಟಿದ್ದು ನೋಡು ಅಂತ ತೋರುಸ್ಬೇಕು ಕಣಪ್ಪ,” ಎನ್ನುತ್ತಿದ್ದಳು ದೊಡ್ಡಮ್ಮ.

ದೊಡ್ಡಪ್ಪ ಅದನ್ನು ಕಿತ್ತುಕೊಂಡದ್ದು ಸಾಲದೆಂದು, ಬಂದವರೆದುರು ಒರೆಗಲ್ಲಿಗೆ ಉಜ್ಜಿ ಹಳದಿ ಗೆರೆ ತೋರಿಸುವ ಚಟ ಹತ್ತಿಸಿಕೊಂಡ. ಅಂಚು ಉಜ್ಜಿದರೆ ತೂಕ ಹೋಗುತ್ತದಂತೆ, ಮುಖ ಉಜ್ಜಿದರೆ ಹೋಗುವುದಿಲ್ಲವಂತೆ! ಇಷ್ಟು ಬುದ್ಧಿ ಇಟ್ಟುಕೊಂಡು ಬೀದಿಗೆಲ್ಲ ನ್ಯಾಯ ಹೇಳುತ್ತಿದ್ದ. “ಉಜ್ಬ್ಯಾಡಿ ಕಣ್ರೀ, ಮೂಗು ಸವೀತಾ ಅದೆ,” ಎಂದು ದೊಡ್ಡಮ್ಮ ಬಾಗಿಲ ಮರೆಯಿಂದ ಅಂದರೆ, “ನಿನ್ ಮೂಗ್ ನೋಡ್ಕೊ ಓಗು,” ಎಂದು ಬಂದವರ ಮುಂದೆಯೇ ಹಲ್ಲು ಕಿಸಿಯುತ್ತಿದ್ದ.

ಒಮ್ಮೆ ತೊಲೆ ಕೊಳ್ಳಲು ಮೈಸೂರಿನಿಂದ ಕಾಲೇಜಿನ ಮೇಷ್ಟ್ರೊಬ್ಬರು ಬಂದರು. ಹಳೆಯ ನಾಣ್ಯ ಕೂಡಿಡುವ ಹವ್ಯಾಸದವರು. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಈಕೆ ರಾಣಿಯಲ್ಲ. ಅವರ ಸ್ವಾತಂತ್ರ್ಯವನ್ನೇ ಹೆಣ್ಣಾಗಿ ಕೆತ್ತಿದ್ದಾರೆ. ಕಿರೀಟದ ಮೇಲೆ ಹಾಗಂತ ಅಕ್ಷರ ಇರಬೇಕಿತ್ತು, ಅಳಿಸಿಹೋಗಿದೆ. ಇಸವಿಯೂ ಕಾಣೋದಿಲ್ಲ. ಇವೆಲ್ಲ ಸ್ಪಷ್ಟವಾಗಿದ್ದಿದ್ದರೆ ಚಿನ್ನದ ಬೆಲೆಗಿಂತ ಎಷ್ಟೋ ಹೆಚ್ಚು ಕೊಟ್ಟು ಕೊಳ್ಳೋರಿದ್ದರು. ಈಗ ಇದು ಬರೀ ಚಿನ್ನ ಸ್ವಾಮಿ.”

“ಚಿನ್ನ ಅಂದ್ರೆ ಚಿನ್ನ ಕಣ್ರೀ! ಮೂತಿ ಕಟ್ಕೊಂಡು ಏನ್ ಮಾಡೀರಿ?” ಎಂದು ದೊಡ್ಡಪ್ಪ ಅವರೆದುರೇ ಇನ್ನೊಂದು ಗೆರೆ ಎಳೆದ. ಒಳಗೆ ದೊಡ್ಡಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಅಂದಿನಿಂದ ಅವನನ್ನು ಕಂಡರೆ ನನಗೆ ಹೇಸಿಗೆ. ಅವನು ಸತ್ತ ಮೇಲೂ ಅದು ಹೋಗಿಲ್ಲ.

ಸಾಲಿಗ್ರಾಮದ ನೆಂಟರ ಮನೆಯಲ್ಲಿ ಗಂಟಲಮಟ್ಟ ಉಂಡು ಬಂದು ಮಲಗಿದವನು ಏಳಲೇ ಇಲ್ಲ. ಹೆಣವನ್ನು ಜಗುಲಿಯಲ್ಲಿ ಕೂರಿಸಿ ಹಣೆಗೆ ಕಾಸು ಅಂಟಿಸುವ ಹೊತ್ತಿಗೆ ಅವನ ಬಾಲಬಡುಕನೊಬ್ಬ ಆ ನಾಣ್ಯವನ್ನು ಹಿಡಿದುಕೊಂಡು ಬಂದ.

“ಯಜಮಾನ್ರು ಜೀವದಂಗೆ ಮಡಿಕಂಡಿದ್ರು. ಇದ್ನೇ ಅಂಟ್ಸಾನ. ಜೊತೇಲೇ ಓಗ್ಲಿ.”

ನೆರೆದವರೆಲ್ಲ ತಲೆಯಾಡಿಸಿದರು. ಗೋಡೆಗೊರಗಿದ್ದ ದೊಡ್ಡಮ್ಮ ಎದ್ದು ಬಂದು ಅದನ್ನು ಕಿತ್ತುಕೊಂಡಳು. ಸೆರಗಿನಿಂದ ಎರಡೂ ಬದಿ ಒರೆಸಿದಳು.

“ಇದು ನಂದು ಕಣಪ್ಪ,” ಎಂದಳು. “ಅವರಿಗೆ ಅರ್ಧಾಣೆ ಅಂಟ್ಸಿ, ಸಾಕು.”

ಅರ್ಧಾಣೆಯನ್ನು ನನ್ನ ಜೇಬಿನಿಂದ ನಾನೇ ತೆಗೆದುಕೊಟ್ಟೆ.