ಪರದೆಯ ಹಿಂದೆ ನಿಂತವರು

ಎಂಬತ್ತರ ಆಸುಪಾಸಿನ ಬೇಸಿಗೆಗಳಲ್ಲಿ ನಮ್ಮ ತುಮಕೂರಿನ ಫಿಲ್ಮ್ ಸೊಸೈಟಿ ಎಂದರೆ ಅದರ ಕಾರ್ಯದರ್ಶಿ ಸದಾಶಿವಯ್ಯನವರೇ. ಮೈದಾನದಲ್ಲಿ ಪರದೆ ಕಟ್ಟಿಸಿ, "ಹಾಡಿಲ್ಲ, ಫೈಟಿಲ್ಲ, ಆದ್ರೂ ಯಾರೂ ಎದ್ದೋಗ್ಬೇಡ್ರಪ್ಪಾ" ಎಂದು ಮೈಕಿನಲ್ಲಿ ಬೇಡಿಕೊಂಡು, ಗಾಳಿಗೆ ಪರದೆ ಹಾರದಂತೆ ಅದರ ಹಿಂದೆ ನಿಂತು ಕೊನೆಯವರೆಗೂ ಅಂಚು ಹಿಡಿದಿರುತ್ತಿದ್ದರು. ಹೀಗಾಗಿ ಅವರು ಕಂಡ ಸಿನಿಮಾಗಳಲ್ಲೆಲ್ಲ ಎಡವೇ ಬಲ, ಬಲವೇ ಎಡ. ಆ ಸಂಗತಿ ಅವರಿಗೆ ಹೊಳೆದೇ ಇರಲಿಲ್ಲ. ಸಿನಿಮಾ ಮುಗಿದು ಚರ್ಚೆ ಶುರುವಾದರೆ ಮೊದಲ ಮಾತು ಅವರದೇ. ಒಮ್ಮೆ, "ಆ ಮುದುಕ ಎಡಗೈಲಿ ಉಣ್ತಾನಲ್ಲ, ಅದೇ ಅವನ ಪ್ರತಿಭಟನೆ ಕಣ್ರೀ!" ಎಂದರು. ಎದ್ದು ಹೋಗದೆ ಉಳಿದಿದ್ದ ಏಳೆಂಟು ಜನ ಮುಸಿಮುಸಿ ನಕ್ಕರು. ಮುಂದೆ ಚಾಪೆಯ ಮೇಲೆ ಕೂತಿದ್ದ ಅವರ ಹೆಂಡತಿ ಗಂಗಾಂಬಿಕೆ ತಿರುಗಿ ನೋಡಿದರು. "ಯಾಕ್ ನಗ್ತೀರಾ? ಎಡಗೈಲೇ ಉಂಡಿದ್ದು. ಎದುರಿಗೆ ಕೂತು ನೋಡ್ದೋಳು ನಾನು."