‘ಮ’ ಇಲ್ಲದ ಕಾಲಪೇಟಿ

ನಾನು ಚಿಕ್ಕವಳಿದ್ದಾಗ ಅಲಖನೂರಿನ ನಮ್ಮ ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ಒಂದು ಕಾಲಪೇಟಿ ಬಿದ್ದಿತ್ತು. ಮೇಜಿನಷ್ಟು ಎತ್ತರದ, ಕಾಲಿನಿಂದ ತುಳಿದು ಗಾಳಿ ಹಾಕುವ ಹಾರ್ಮೋನಿಯಂ ಅದು, ಅಜ್ಜನದು. ಅದರ ಬೆನ್ನು ಹತ್ತಿ ಅಜ್ಜ ಹೊಲ ಮರೆತು, ನಾಟಕದವರ ಜೊತೆ ಊರೂರು ತಿರುಗಿದ್ದನಂತೆ. ಹಾಗಾಗಿ ಅಪ್ಪನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅಜ್ಜ ತೀರಿದ ಮೇಲೆ ಕೋಳಿಗಳು ಅದರೊಳಗೆ ಕಾವಿಗೆ ಕೂತವು.

ಒಂದು ಬೆಳಿಗ್ಗೆ ಅಪ್ಪ, ಸಂಜೆ ಹಳೆ ಸಾಮಾನು ಕೊಳ್ಳುವ ಮೋಡಕಾ ಗಾಡಿ ಬರುತ್ತದೆ, ಇದನ್ನೂ ಹಾಕಿಬಿಡೋಣ ಎಂದ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ಅಜ್ಜನ ತೊಡೆಯ ಮೇಲೆ ಕೂತು ನುಡಿಸಲು ಕಲಿತವಳು ಅವಳು.

“ಸಂಜೀತನಾ ಬಿಡು ಅಪ್ಪಾ. ನುಡದ್ರ ನಂದು, ನುಡೀದಿದ್ರ ಗಾಡೀದು.”

ಹೆಣ್ಣುಹುಡುಗಿಗೆ ಇದೇಕೆ ಎಂದು ಗೊಣಗುತ್ತಲೇ ಅಪ್ಪ ಒಪ್ಪಿದ.

ಅಕ್ಕ ಪುಕ್ಕ, ಕಸ ಝಾಡಿಸಿದಳು. ಗಾಳಿ ತುಂಬುವ ತಿದಿಯನ್ನು ಇಲಿ ಕಡಿದಿತ್ತು. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ, ಸೊಲ್ಯೂಶನ್ ಹಚ್ಚಿ ತೇಪೆ ಹಾಕಿದಳು. ಆ ವಾಸನೆಗೆ ಎಮ್ಮೆ ಮೂಗು ಅರಳಿಸಿತು. ಸ್ವರ ಹೊರಡಿಸುವ ಹಿತ್ತಾಳೆಯ ತೆಳು ನಾಲಗೆಗಳನ್ನು ಬಿಚ್ಚಿ, ಅರಿವೆಯ ಮೇಲೆ ಸಾಲಾಗಿಟ್ಟು ನೀರು ಕುಡಿಯಲು ಹೋದಳು.

ನನ್ನ ಕೈ ಸುಮ್ಮನಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಹಸಿರುಗಟ್ಟಿದ್ದೊಂದನ್ನು ಎತ್ತಿಕೊಂಡು, ತಂಬಿಗೆ ತಿಕ್ಕುವ ಹಾಗೆ ಹುಣಸೆಹಣ್ಣು, ಬೂದಿ ಹಚ್ಚಿ ಗಸಗಸ ತಿಕ್ಕಿದೆ. ಬಂಗಾರದಂತೆ ಹೊಳೆಯಿತು. ಅಕ್ಕ ಬಂದು ಅದನ್ನು ಪೇಟಿಗೆ ಕೂಡಿಸಿ ತುಳಿದರೆ ಕತ್ತೆಯಂತೆ ಒರಲಿತು. ನಾಲಗೆ ಬಾಗಿಹೋಗಿತ್ತು. ಅದು ಸರಿಗಮದ ‘ಮ’. ನಾನು ಅಳುತ್ತ ಕೂತೆ. ಅಕ್ಕ ಬೈಯಲಿಲ್ಲ, ಕಿವಿ ಮಾತ್ರ ಚೆನ್ನಾಗಿ ಹಿಂಡಿದಳು. ಉಳಿದವನ್ನೆಲ್ಲ ಕೂಡಿಸುವಷ್ಟರಲ್ಲಿ ಗಾಡಿಯ ಗಂಟೆ ಕೇಳಿಸಿತು.

ಅಂಗಳದಲ್ಲಿ ಮಂದಿ ಸೇರಿದ್ದರು. ಅಕ್ಕ ಭೂಪ ರಾಗ ಹಿಡಿದಳು. ‘ಮ’ ಬೇಡದ ರಾಗ ಅದು. ಪೇಟಿ ಮೊದಲು ಕೆಮ್ಮಿತು, ಆಮೇಲೆ ಅಂಗಳ ತುಂಬ ಹಾಡಿತು. ನಿಂತಿದ್ದ ಗಾಡಿಯವನು ಮೆಲ್ಲಗೆ ಕೆಳಗೆ ಕೂತ.

ಪೇಟಿ ನುಡಿಸುವವನ ಮಗನಲ್ಲವೇ, ಅಕ್ಕ ‘ಮ’ ತಪ್ಪಿಸಿದ್ದು ಅಪ್ಪನಿಗೆ ಗೊತ್ತಾಗದೆ ಇರುತ್ತದೆಯೇ. ಬಗ್ಗಿ ಆ ಒಂದೇ ಪಟ್ಟಿ ಒತ್ತಿದ. ಒರಲಿತು.

“ಮತ್ತ ಇದು?”

“ಅದನ್ನ ಗಾಡಿಗೆ ಹಾಕು. ಉಳದದ್ದೆಲ್ಲಾ ನಂದು,” ಎಂದಳು ಅಕ್ಕ, ಪೇಟಿಯ ಮೇಲಿನ ಕೈ ತೆಗೆಯದೆ.

ಅಪ್ಪನ ಮೀಸೆ ಅಲುಗಿತು. ಗಾಡಿಯವನಿಗೆ ಚಹಾ ಕುಡಿಸಿ ಬರಿಗೈಲಿ ಕಳಿಸಿದ.

ಮೊಮ್ಮಕ್ಕಳೇ, ನಿಮ್ಮ ಕೀಬೋರ್ಡಿಗೆ ತುಳಿಯುವ ಕೆಲಸವಿಲ್ಲ. ಗುಂಡಿ ಒತ್ತಿದರೆ ಕೊಳಲೂ ಪಿಟೀಲೂ ಅದರೊಳಗೇ ನುಡಿಯುತ್ತವೆ. ಕೆಟ್ಟರೆ ನಿಮ್ಮಪ್ಪ ಚಿಕ್ಕೋಡಿಯಿಂದ ಹೊಸದು ತರುತ್ತಾನೆ. ಆದರೆ ನಿನಗೇಕೆ ಇದು ಎನ್ನುವವರು ಈಗಲೂ ಇದ್ದಾರೆ. ಅವರಿಗೆ ನೀವೇ ಎದುರು ಮಾತಾಡಿರಿ. ಆಗಲಿಲ್ಲವೆಂದರೆ ನನ್ನನ್ನು ಕರೆಯಿರಿ, ನಾನಿನ್ನೂ ಗಟ್ಟಿ ಇದ್ದೇನೆ.