ಹಿತ್ತಾಳೆ ನಟ್ಟಿನ ಹಿಂದಿನ ಮಗ್ಗುಲು

ಮುನಿರಾಜು, ರಾಯರ ಕಾರಿನ ಎ.ಸಿ. ಗ್ಯಾಸು ಬಿಟ್ಟವಳು ನಾನು. ನೀನು ಮೋಸ ಮಾಡಲಿಲ್ಲ. ನಿನ್ನ ಕೈಕೆಲಸದಲ್ಲಿ ಕೂದಲೆಳೆಯಷ್ಟೂ ಐಬಿರಲಿಲ್ಲ. ಆಯುಧಪೂಜೆಯ ಬೆಳಿಗ್ಗೆ ನಾನು ಒಂದು ನಟ್ಟು ತಿರುಗಿಸಿದೆ — ಗ್ಯಾಸೆಲ್ಲ ಹೋಯಿತು — ಮತ್ತೆ ಬಿಗಿ ಮಾಡಿ, ಮೇಲೊಂದು ಕುಂಕುಮದ ಬೊಟ್ಟಿಟ್ಟು ಸುಮ್ಮನಾದೆ. ಅವತ್ತು ಸುಮ್ಮನಾದವಳು ಇವತ್ತಿನವರೆಗೂ ಸುಮ್ಮನೇ ಇದ್ದೇನೆ.

ಇದು ನಿನಗೆ ಹೊಸ ಸುದ್ದಿಯಲ್ಲ. ಅಲ್ಲವೆಂದು ನನಗೂ ಗೊತ್ತು. ಹೇಳಬೇಕಾದ್ದು ಅದೇ — ಆದರೆ ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ಇದನ್ನು ನಿನ್ನೊಬ್ಬನಿಗೇ ಬರೆಯುತ್ತಿಲ್ಲ. ನಿನ್ನ ಮಕ್ಕಳು ಓದಲಿ, ನನ್ನ ಮಕ್ಕಳು ಓದಲಿ, ನಮ್ಮ ಗುರುತೇ ಇಲ್ಲದವರೂ ಓದಲಿ. ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ನಾನು. ಒತ್ತಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ಆಗ ಜಯನಗರ ಇನ್ನೂ ಅರ್ಧ ಕಟ್ಟಿದ ಊರು. ಒಂದು ಮನೆ, ಪಕ್ಕಕ್ಕೆ ಖಾಲಿ ಸೈಟುಗಳು, ಸೈಟಿನಲ್ಲಿ ಯಾರದೋ ಎಮ್ಮೆ. ನಾನು ಹುಳಿಮಾವಿನಿಂದ ಮದುವೆಯಾಗಿ ಬಂದಿದ್ದೆ. ನನ್ನ ಗಂಡ ಅಂಜಿನಪ್ಪ, ನಿನ್ನ ಅಣ್ಣ, ರಾಯರ ಮನೆಯ ಡ್ರೈವರ್. ಕಾರ್ ಶೆಡ್ಡಿನ ಹಿಂದಿನ ಕೋಣೆಯಲ್ಲಿ ನಮ್ಮ ಸಂಸಾರ. ಅವರ ಮನೆಯ ಪಾತ್ರೆ, ಬಟ್ಟೆ ನನ್ನದು. ದೇವರ ಮನೆಯ ಹಿತ್ತಾಳೆಯೂ ನನ್ನದೇ. ಹುಣಿಸೆಹಣ್ಣು ಹಾಕಿ ನಾನು ಬೆಳಗಿದ ದೀಪದಲ್ಲಿ ಮುಖ ನೋಡಿಕೊಳ್ಳಬಹುದು ಎಂದು ರಾಯರ ಹೆಂಡತಿ ಪದ್ಮಾವತಮ್ಮನವರು ನೆಂಟರಿಗೆಲ್ಲ ಹೇಳುತ್ತಿದ್ದರು. ಆ ಹೊಗಳಿಕೆ ತಲೆಗೇರಿ — ಬೇಡ, ತಪ್ಪನ್ನು ಹೊಗಳಿಕೆಯ ಮೇಲೆ ಹಾಕುವುದಿಲ್ಲ.

ಕಾರು ಅಮೆರಿಕದ್ದು, ಹಳೆಯದು. ದೇಶ ಬಿಟ್ಟು ಹೊರಟಿದ್ದ ಯಾರೋ ಬಿಳಿ ದೊರೆಯಿಂದ ರಾಯರು ಕೊಂಡಿದ್ದರು. ದೋಣಿಯಂಥ ಕಾರು. ಅದರೊಳಗೆ ತಣ್ಣನೆ ಗಾಳಿ ಬರುವ ಯಂತ್ರವಿತ್ತು. ಯಂತ್ರದ ಅರ್ಧ ಬಾನೆಟ್ಟಿನ ಕೆಳಗೆ, ಇನ್ನರ್ಧ ಹಿಂದೆ ಡಿಕ್ಕಿಯಲ್ಲಿ. ಹಿಂದಿನ ಸೀಟಿನ ಬೆನ್ನಿಂದ ಗಾಜಿನಂಥ ಎರಡು ಕೊಳವೆ ಮೇಲಕ್ಕೆ ಹೋಗುತ್ತಿದ್ದವು. ಕೊಂಡಾಗಲೇ ಆ ಯಂತ್ರದ ಜೀವ ಹೋಗಿತ್ತು. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆಗಿನ ಬೆಂಗಳೂರಿನಲ್ಲಿ ಮನೆಗೆ ಫ್ಯಾನು ಹಾಕಿಸಿದರೇ ಜನ ನಗುತ್ತಿದ್ದರು.

ಆದರೆ ರಾಯರ ಮಗಳಿಗೆ ಮದ್ರಾಸಿನ ಸಂಬಂಧ ಕುದುರಿತು. ಬೀಗರು ದಸರೆಗೆ ಬರುವವರಿದ್ದರು. ಮದ್ರಾಸಿನವರಿಗೆ ಜಯನಗರದ ಮಣ್ಣು ರಸ್ತೆಯಲ್ಲಿ ಏನು ತೋರಿಸುವುದು? ತಣ್ಣನೆಯ ಕಾರು ತೋರಿಸುವುದು ಎಂದು ರಾಯರು ನಿಶ್ಚಯ ಮಾಡಿದರು. ನೀನು ಆಗ ದಂಡು ಕಂಟೋನ್ಮೆಂಟಿನ ಕಡೆ ಫ್ರಿಜ್ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿತು, ನಿನ್ನದೇ ಒಂದು ಅಂಗಡಿ ಬೇಕೆಂದು ಕನಸು ಕಾಣುತ್ತಿದ್ದೆ. ನಿನ್ನ ಅಣ್ಣ ನಿನ್ನನ್ನು ಕರೆತಂದು ನಿಲ್ಲಿಸಿದ. ರಾಯರು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಬೀಗರ ಮುಂದೆ ಇದು ತಣ್ಣಗೆ ಓಡ್ಲಿ, ಮುನಿರಾಜು. ರೋಡ್ ಕಡೆ ಶೆಡ್ಡು ಖಾಲಿ ಬಿದ್ದಿದೆ. ಬೋರ್ಡ್ ಹಾಕ್ಕೋ, ನಿಂದೇ ಅಂಗಡಿ."

ನೀನು ಕೆಲಸ ಮಾಡಿದ ದಿನ ನಾನೂ ಜೊತೆಗಿದ್ದೆ — ಅದೂ ನನ್ನ ತಪ್ಪಿಗೆ ತೂಕ ಸೇರಿಸುತ್ತದೆ, ಯಾಕೆಂದರೆ ನನಗೆ ಏನೂ ತಿಳಿಯದು ಎನ್ನುವ ಹಾಗಿಲ್ಲ. ಸೋಪಿನ ನೊರೆ ಕಲಸಿಕೊಟ್ಟವಳು ನಾನು. ನೀನು ಅದನ್ನು ಶೇವಿಂಗ್ ಬ್ರಷ್ಷಿನಲ್ಲಿ ಕೊಳವೆಯ ಒಂದೊಂದು ಕೀಲಿಗೂ ಹಚ್ಚಿದೆ. "ನೋಡಿ ಅತ್ತಿಗೆ, ಗುಳ್ಳೆ ಏಳ್ತಿದೆ ಅಲ್ವಾ, ಅಲ್ಲೇ ಕಳ್ಳ ಕೂತಿರೋದು" ಎಂದೆ. ಆ ಕೀಲು ಸರಿ ಮಾಡಿ, ಪಂಪು ಹಾಕಿ ಕೊಳವೆಯೊಳಗಿನ ಗಾಳಿಯನ್ನೆಲ್ಲ ಎಳೆದು ತೆಗೆದೆ. ಆಮೇಲೆ ಗ್ಯಾಸಿನ ಸಿಲಿಂಡರನ್ನು ಬಿಸಿನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿದೆ. ನೀರು ನಮ್ಮ ಹಂಡೆಯದು. "ಬಾಣಂತಿಗೆ ನೀರು ಹಾಕ್ದಂಗಿದೆ" ಎಂದು ನಾನು ನಕ್ಕೆ. ಬೆಚ್ಚಗಿದ್ದರೆ ಗ್ಯಾಸು ಸಲೀಸಾಗಿ ಹೋಗುತ್ತದೆ ಎಂದೆ ನೀನು. ಕೊಳವೆಗೆ ಒಂದು ಪುಟ್ಟ ಗಾಜಿನ ಕಣ್ಣಿತ್ತು. ಅದರಲ್ಲಿ ನೊರೆ ಓಡುತ್ತಿತ್ತು. ನೊರೆ ನಿಂತು ಗಾಜು ತಿಳಿಯಾದರೆ ಅದರ ಹೊಟ್ಟೆ ತುಂಬಿತು ಎಂದು ಅರ್ಥ. ತಿಳಿಯಾಯಿತು. ನಾನೇ ಬಗ್ಗಿ ನೋಡಿದ್ದೇನೆ.

ಅವತ್ತೇ ನೀನು ನಿನ್ನ ಹೆಬ್ಬೆರಳಿನ ಕಲೆ ತೋರಿಸಿದೆ. ಬೆಳ್ಳಗೆ, ಮೇಣದ ಹಾಗೆ. "ಈ ಗ್ಯಾಸು ತಣ್ಣಗೇ ಸುಡುತ್ತೆ ಅತ್ತಿಗೆ. ಒಲೆ ಸುಟ್ಟಂಗಲ್ಲ, ನೋಡಿದ್ರೇ ಗೊತ್ತಾಗುತ್ತೆ."

ರಾಯರು ಮಫ್ಲರ್ ಸುತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ನಿನ್ನ ಅಣ್ಣ ಬನಶಂಕರಿ ದೇವಸ್ಥಾನದವರೆಗೆ ಓಡಿಸಿಕೊಂಡು ಬಂದ. ಇಳಿದಾಗ ರಾಯರ ಮೂಗಿನ ತುದಿ ಕೆಂಪಗಿತ್ತು, ಮುಖ ಅರಳಿತ್ತು. ಪದ್ಮಾವತಮ್ಮನವರು ಹೇಳಿದರು, "ಊರಿನ ಚಳಿ ಸಾಲ್ದು ಅಂತ ಪೆಟ್ಟಿಗೇಲಿ ಬೇರೆ ತುಂಬಿಸ್ಕೊಂಡ್ರು ನಮ್ಮನೆಯವ್ರು." ಎಲ್ಲರೂ ನಕ್ಕೆವು. ನೀನು ಮಾತ್ರ ನಗದೆ ರೋಡ್ ಕಡೆಯ ಶೆಡ್ಡಿನ ಬಾಗಿಲು ನೋಡುತ್ತಿದ್ದೆ. ಬೋರ್ಡನ್ನು ಎಲ್ಲಿ ಹಾಕುವುದು ಎಂದು.

ಆಯುಧಪೂಜೆ ಬಂತು. ನಿನ್ನ ಅಣ್ಣ ಕಾರು ತೊಳೆದು, ಬಾನೆಟ್ಟು ತೆರೆದಿಟ್ಟು, ಸ್ಪ್ಯಾನರು ಇಕ್ಕಳವನ್ನೆಲ್ಲ ಮಣೆಯ ಮೇಲೆ ಜೋಡಿಸಿ ಕುಂಕುಮ ಇಟ್ಟು, ಬೂದುಗುಂಬಳಕಾಯಿ ತರಲು ಹೋದ. ಮಣೆಗೇರಿದ ಸಾಮಾನನ್ನು ಅವತ್ತು ಕೆಲಸಕ್ಕೆ ಮುಟ್ಟುವ ಹಾಗಿಲ್ಲ. ಅದು ಅದರ ವಿಶ್ರಾಂತಿಯ ದಿನ. ಹುಟ್ಟಿದಾಗಿನಿಂದ ನಾನು ನಡೆಸಿಕೊಂಡು ಬಂದ ಪದ್ಧತಿ.

ದೇವರ ದೀಪ ಬೆಳಗಿ ಮಿಕ್ಕಿದ ಹುಣಿಸೆಹಣ್ಣು ಕೈಯಲ್ಲಿತ್ತು. ಬಾನೆಟ್ಟಿನೊಳಗೆ ಇಣುಕಿದೆ. ಕೊಳವೆಯ ಕೀಲಿಗೆ ಒಂದು ಹಿತ್ತಾಳೆ ನಟ್ಟು, ಕರ್ರಗೆ. ಪೂಜೆಯ ದಿನ ಹಿತ್ತಾಳೆ ಕರ್ರಗಿದ್ದರೆ ನನಗೆ ಆಗುತ್ತದೆಯೆ? ಉಜ್ಜಿದೆ. ಎದುರಿಗಿದ್ದ ಮಗ್ಗುಲು ಬಂಗಾರವಾಯಿತು. ಹಿಂದಿನ ಮಗ್ಗುಲಿಗೆ ಬೆರಳು ಹೋಗಲೊಲ್ಲದು. ದೀಪವಾದರೆ ತಿರುಗಿಸಿ ಉಜ್ಜುತ್ತೇನೆ, ಇದನ್ನೂ ತಿರುಗಿಸಿದರಾಯಿತು — ಇಷ್ಟೇ ಯೋಚನೆ ಮಾಡಿದ್ದು. ಮಣೆಯ ಮೇಲಿನ ಸ್ಪ್ಯಾನರ್ ತೆಗೆದುಕೊಂಡು ಅರ್ಧ ಸುತ್ತು ತಿರುವಿದೆ.

ಬುಸ್ಸೆಂದಿತು. ಬಿಳಿ ಹೊಗೆ. ಬೆರಳಿಟ್ಟು ಅದುಮಿ ಹಿಡಿಯಲು ಹೋದೆ, ಕೊರೆಯುವ ತಂಪಿಗೆ ಬೆರಳು ನಟ್ಟಿಗೇ ಕಚ್ಚಿಕೊಂಡಿತು. ಗಾಬರಿಯಲ್ಲಿ ಮತ್ತಷ್ಟು ಸಡಿಲವಾಗುವ ಕಡೆಗೇ ತಿರುಗಿಸಿದೆ. ಆಮೇಲೆ ಬುದ್ಧಿ ಬಂದು ಬಿಗಿ ಮಾಡುವ ಹೊತ್ತಿಗೆ ಸದ್ದೇ ಉಳಿದಿರಲಿಲ್ಲ.

ಸ್ಪ್ಯಾನರ್ ಒರೆಸಿ ಮಣೆಯ ಮೇಲಿಟ್ಟೆ. ಅಳಿಸಿದ ಕುಂಕುಮವನ್ನು ಮತ್ತೆ ಇಟ್ಟೆ. ನಟ್ಟಿಗೂ ಒಂದು ಬೊಟ್ಟಿಟ್ಟೆ. ಬೆರಳಿಗೇನಾಯಿತು ಎಂದು ಪದ್ಮಾವತಮ್ಮನವರು ಕೇಳಿದರೆ ಒಲೆ ಸುಟ್ಟಿತು ಎಂದೆ. ಅವರು ಪಾಪ, ಸುಟ್ಟಗಾಯಕ್ಕೆ ಒಳ್ಳೆಯದೆಂದು ತಾವೇ ಶಾಯಿ ಹಚ್ಚಿದರು.

ಮರುದಿನ ವಿಜಯದಶಮಿ. ರಾಯರು ಬೀಗರನ್ನು ಕೂರಿಸಿಕೊಂಡು, ಕಿಟಕಿಯ ಗಾಜೆಲ್ಲ ಏರಿಸಿ ಹೊರಟರು. ಹಿಂದಿನ ಕೊಳವೆಗಳಿಂದ ಬಂದದ್ದು ಬಿಸಿ ಗಾಳಿ. ವಾಪಸು ಬಂದಾಗ ಬೀಗಿತ್ತಿ ಸೆರಗಿನಲ್ಲಿ ಬೀಸಿಕೊಳ್ಳುತ್ತ, "ಇದಕ್ಕಿಂತ ನಮ್ಮ ಮದ್ರಾಸೇ ವಾಸಿ ಅಲ್ವಾ?" ಎಂದರು. ನಗುತ್ತಲೇ ಅಂದರು. ರಾಯರಿಗೆ ಅದು ಕೆನ್ನೆಗೆ ಬಿದ್ದ ಹಾಗಾಯಿತು.

ನಿನ್ನನ್ನು ಕರೆಸಿದರು. ನೀನು ಬಂದು ನೊರೆ ಕೇಳಿದೆ. ನಾನೇ ಕಲಸಿಕೊಟ್ಟೆ. ಕೊಳವೆಯಲ್ಲಿ ಮಿಕ್ಕಿದ್ದ ಚೂರು ಗ್ಯಾಸಿನಲ್ಲೇ ನೀನು ಒಂದೊಂದು ಕೀಲನ್ನೂ ನೋಡಿದೆ. ಎಲ್ಲೂ ಗುಳ್ಳೆ ಇಲ್ಲ. ಬಿಗಿ ಮಾಡಿಬಿಟ್ಟಿದ್ದೆನಲ್ಲ.

"ಎಲ್ಲೂ ಸೋರ್ತಿಲ್ಲ ಅಂದ್ರೆ ಗ್ಯಾಸು ಎಲ್ಲೋಯ್ತು?" ರಾಯರು ಎಲ್ಲರೆದುರಿಗೆ ಕೂಗಿದರು. "ತುಂಬಿದ್ರೆ ತಾನೇ ಇರೋದು! ಒಂದೆರಡು ದಿನ ತಣ್ಣಗಿರೋ ಅಷ್ಟು ಹಾಕಿ, ಮಿಕ್ಕಿದ್ದು ಗಾಳಿ ಹೊಡ್ದಿದಾನೆ. ಸೈಕಲ್‌ಗೆ ಹೊಡ್ದಂಗೆ!"

ನಿನ್ನ ಕೈ ಆ ನಟ್ಟಿನ ಮೇಲೆ ನಿಂತಿತ್ತು. ಒಂದು ಮಗ್ಗುಲು ದೇವರ ದೀಪದ ಹಾಗೆ ಹೊಳೆಯುತ್ತಿತ್ತು. ಅಂಚಿನಲ್ಲಿ ಸ್ಪ್ಯಾನರ್ ಜಾರಿದ ಗೀರು, ಸಂದಿನಲ್ಲಿ ಹುಣಿಸೆಯ ನಾರು. ನೀನು ತಲೆ ಎತ್ತಿ ನನ್ನ ಕೈ ನೋಡಿದೆ. ಶಾಯಿಯ ಕೆಳಗೆ ಬೆರಳು ಬೆಳ್ಳಗೆ, ಮೇಣದ ಹಾಗಿತ್ತು. ಆಮೇಲೆ ನಿನ್ನ ಅಣ್ಣನ ಮುಖ ನೋಡಿದೆ. ಕಾರಿನ ಜವಾಬ್ದಾರಿ ಅವನದು, ನನ್ನ ಹೆಸರು ಬಂದರೆ ಹೋಗುವುದು ಅವನ ಕೆಲಸವಲ್ಲವೆ?

ಒಂದು ಗಳಿಗೆ ಇತ್ತು, ಮುನಿರಾಜು. ನಾನು ಬಾಯಿ ತೆರೆಯಬಹುದಾದ ಒಂದು ಗಳಿಗೆ. ನೀನು ಅದನ್ನು ನನಗೇ ಬಿಟ್ಟುಕೊಟ್ಟು ಕಾದೆ — ಕಾದೆ ಎಂದೇ ನನಗೆ ಅನ್ನಿಸುತ್ತದೆ. ನಾನು ನೊರೆಯ ಬಟ್ಟಲು ನೋಡುತ್ತ ನಿಂತೆ.

"ನಂದೇ ತಪ್ಪು ಸ್ವಾಮಿ," ಎಂದೆ ನೀನು. "ಸರಿಯಾಗಿ ತುಂಬ್ಲಿಲ್ಲ."

ಅಷ್ಟೇ. ಬ್ರಷ್ಷು ತೊಳೆದು ನನ್ನ ಕೈಗೆ ಕೊಟ್ಟು ಹೊರಟುಹೋದೆ. ನೀನು ತಿಳಿದುಕೊಂಡೆ, ತಿಳಿದುಕೊಂಡೆ ಎನ್ನುವುದು ನನಗೂ ತಿಳಿಯಿತು. ನಟ್ಟು ತಿರುಗಿಸಿದ್ದು ದಡ್ಡತನ. ನಿನ್ನ ಬೆನ್ನು ನೋಡುತ್ತ ನಿಂತಿದ್ದು ದಡ್ಡತನವಲ್ಲ.

ಶೆಡ್ಡಿಗೆ ಸೈಕಲ್ ಅಂಗಡಿಯವನು ಬಂದ. ನಿನಗೆ 'ಗಾಳಿ ಮುನಿರಾಜು' ಎಂದು ಹೆಸರು ಬಿತ್ತು. ನೀನು ಬೀದಿಗೆ ಬಂದರೆ ಹುಡುಗರು ಬಾಯಲ್ಲಿ ಬುಸ್ ಬುಸ್ ಎನ್ನುತ್ತಿದ್ದರು. ನಿನ್ನ ಅಣ್ಣ, "ನನ್ನ ಮಾನ ತೆಗೆದ" ಎಂದು ನಿನ್ನ ಜೊತೆ ಮಾತು ಬಿಟ್ಟ. ನಿಮ್ಮಮ್ಮ ಹೋದಾಗ ಹೆಣದ ಎದುರಿಗೆ ಮತ್ತೆ ಮಾತಾಡಿದಿರಿ, ನಿಜ. ಆದರೆ ಅವನು ಸಾಯುವವರೆಗೂ, ತಮ್ಮ ಒಳ್ಳೆಯವನು, ಕೈ ಮಾತ್ರ ಸುಳ್ಳು ಎಂದೇ ನಂಬಿದ್ದ. ಪಕ್ಕದಲ್ಲಿ ಮಲಗುತ್ತಿದ್ದವಳು ನಾನು. ಹೇಳಲಿಲ್ಲ. ಅದನ್ನು ಇನ್ನು ಯಾವ ಸ್ಪ್ಯಾನರಿನಿಂದಲೂ ಸರಿ ಮಾಡುವ ಹಾಗಿಲ್ಲ.

ಗಂಡನ ಕೆಲಸ ಹೋಗುತ್ತದೆ, ಕೋಣೆ ಬಿಡಿಸುತ್ತಾರೆ ಎಂದು ಹೆದರಿದೆ — ಹೀಗೆ ಬರೆದು ಹೊಡೆದು ಹಾಕಿದ್ದೆ, ಮತ್ತೆ ಬರೆದಿದ್ದೇನೆ, ಯಾಕೆಂದರೆ ಹೆದರಿದ್ದು ನಿಜ. ಆದರೆ ರಾಯರು ಹೋದರು, ಕಾರು ಗುಜರಿಗೆ ಹೋಯಿತು, ನಾವು ಬನಶಂಕರಿಯಲ್ಲಿ ಸ್ವಂತ ಮನೆ ಮಾಡಿದೆವು. ಆಮೇಲೆ ಯಾರ ಹೆದರಿಕೆ? ನಾಚಿಕೆ, ಅಷ್ಟೇ. ಅದು ನನ್ನ ಸ್ವಂತದ್ದು.

ನೀನು ಕೆಡಲಿಲ್ಲ. ತಡವಾಯಿತು, ಆದರೆ ಪದ್ಮನಾಭನಗರದಲ್ಲಿ ನಿನ್ನ ಹೆಸರಿನ ಬೋರ್ಡು ಬಂತು. ಹೋದ ತಿಂಗಳು ಮೊಮ್ಮಗಳ ಹಳೇ ಕಾರಿಗೆ ಗ್ಯಾಸು ತುಂಬಿಸಲು ನಾನೂ ಜೊತೆಗೆ ಬಂದೆ. ನೀನು ಕುರ್ಚಿಯಲ್ಲಿ ಕೂತಿದ್ದೆ, ಕೆಲಸ ನಿನ್ನ ಮೊಮ್ಮಗಳು ಶಿಲ್ಪಾ ಮಾಡುತ್ತಿದ್ದಳು. ಏನೇನೋ ಹೊಸ ಮೀಟರು. ಆದರೂ ಕೊನೆಗೆ ಒಂದು ಬಟ್ಟಲಲ್ಲಿ ಸೋಪಿನ ನೊರೆ ತಂದು ಕೀಲಿಗೆ ಹಚ್ಚಿದಳು.

ಆಗ ಜಯನಗರದ ಕಾಲದ ಯಾರೋ ಮುದುಕ ರಸ್ತೆಯಿಂದ, "ಏನ್ ಗಾಳಿ ಮುನಿರಾಜು, ಇನ್ನೂ ಇದೀಯಾ!" ಎಂದ.

"ತಾತ, ಗಾಳಿ ಅಂತ ಯಾಕಂತಾರೆ?" ಎಂದಳು ಶಿಲ್ಪಾ.

"ಆಗ ಸೈಕಲ್‌ಗೆ ಗಾಳಿ ಹೊಡೀತಿದ್ದೆ ಮಗಾ." ಹೀಗೆ ಹೇಳಿದ ನೀನು ನನ್ನ ಕಡೆ ನೋಡಲೂ ಇಲ್ಲ. "ಅತ್ತಿಗೆಗೆ ಕಾಫಿ ತರಿಸು" ಎಂದೆ.

ಇಷ್ಟು ವರ್ಷದ ಮೇಲೂ ನೀನು ನನ್ನ ತಪ್ಪನ್ನು ಮುಚ್ಚಿಟ್ಟೆ. ನಾನು ಆ ಕಾಫಿ ಕುಡಿದೆ. ರುಚಿ ಗೊತ್ತಾಗಲಿಲ್ಲ.

ಪ್ರತಿವರ್ಷ ಅಂಗಡಿಯ ಆಯುಧಪೂಜೆಗೆ ಕರೆಯುತ್ತೀಯ. ಪ್ರತಿವರ್ಷ ಮಂಡಿ ನೋವು ಎನ್ನುತ್ತೇನೆ. ಈ ವರ್ಷ ಬರುತ್ತೇನೆ. ಮೆಕ್ಯಾನಿಕ್ಕುಗಳು, ಗಿರಾಕಿಗಳು, ನಿನ್ನ ಮಕ್ಕಳು, ನನ್ನ ಮಕ್ಕಳು ಎಲ್ಲರೂ ಇರಲಿ. ಕರ್ಪೂರ ಹಚ್ಚುವ ಮೊದಲು ನಾನು ಮಾತಾಡಬೇಕು. ಶಿಲ್ಪಾ ಮುಂದೆ ನಿಂತಿರಲಿ. ಅವಳ ತಾತನ ಕೈ ಎಂಥದ್ದು ಎಂದು ಅವಳಿಗೆ ನನ್ನ ಬಾಯಿಂದಲೇ ಗೊತ್ತಾಗಬೇಕು. ನನ್ನ ಬೆರಳಿನ ಕಲೆ ಇನ್ನೂ ಇದೆ, ತೋರಿಸುತ್ತೇನೆ. ನೀನು ನಡುವೆ ಬಾಯಿ ಹಾಕಿ ಮತ್ತೆ 'ನಂದೇ ತಪ್ಪು' ಎನ್ನಬೇಡ.

ಆಮೇಲೆ ಮಂಗಳಾರತಿ ತಟ್ಟೆ ನನ್ನ ಕಡೆಗೆ ಹಿಡಿದರೆ ತೆಗೆದುಕೊಳ್ಳುತ್ತೇನೆ. ಹಿಡಿಯದಿದ್ದರೆ ಬಾಗಿಲಲ್ಲೇ ನಿಂತು ಕೈ ಮುಗಿದು ಬರುತ್ತೇನೆ. ಹೇಗೂ ಬರುತ್ತೇನೆ. ಹೂವು, ಬೂದುಗುಂಬಳಕಾಯಿ ನಾನೇ ತರುತ್ತೇನೆ. ಹಿತ್ತಾಳೆ ಬೆಳಗುವುದು ಮಾತ್ರ ಬೇರೆಯವರಿಗೆ ಹೇಳು.